ಕೋರ್ಟಿನಲ್ಲಿ ಆಡಿದ ಮಾತು ಕಾಗದಕ್ಕೆ ಬರಬೇಕೇ? ಕ್ಯಾಲಿಫೋರ್ನಿಯಾದಲ್ಲಿ ಕೈಯಲ್ಲಿ ದುಡ್ಡಿಲ್ಲದವರು ಹೀಗೆ ಮಾಡಿ

ಕ್ಯಾಲಿಫೋರ್ನಿಯಾದ ಫ್ಯಾಮಿಲಿ ಕೋರ್ಟಿಗೆ ಹೋಗುವ ನಮ್ಮವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ. ಜಡ್ಜ್ ಮುಂದೆ ಏನು ಹೇಳಿದರೂ ಅದು ದಾಖಲಾಗುತ್ತದೆ, ಆಮೇಲೆ ಬೇಕಾದಾಗ ನಕಲು ತೆಗೆಸಬಹುದು ಅಂತ. ಊರಿನ ಕೋರ್ಟು ನೋಡಿದವರಿಗೆ ಹಾಗನ್ನಿಸುವುದು ಸಹಜ. ಅಲ್ಲಿ ಸಾಕ್ಷಿ ಹೇಳಿದ್ದನ್ನು ಕೋರ್ಟಿನ ಸಿಬ್ಬಂದಿಯೇ ಟೈಪ್ ಮಾಡುತ್ತಾರೆ, ಸಾಕ್ಷಿ ಸಹಿ ಹಾಕುತ್ತಾರೆ, ಅರ್ಜಿ ಕೊಟ್ಟರೆ ದೃಢೀಕೃತ ನಕಲು ಸಿಗುತ್ತದೆ.

ಇಲ್ಲಿ ಹಾಗಲ್ಲ. ಮಾತನ್ನು ಪದಕ್ಕೆ ಪದ ಬರೆದುಕೊಳ್ಳುವವರು ಕೋರ್ಟ್ ರಿಪೋರ್ಟರ್. ರಾಜ್ಯ ಸರ್ಕಾರದ ಲೈಸೆನ್ಸ್ ಇಲ್ಲದೆ ಆ ಕೆಲಸ ಮಾಡುವಂತಿಲ್ಲ. ಗಂಭೀರ ಕ್ರಿಮಿನಲ್ ಕೇಸಿನಲ್ಲಿ ಅವರನ್ನು ಕೋರ್ಟೇ ಕೂರಿಸುತ್ತದೆ. ಆದರೆ ಡಿವೋರ್ಸ್, ಮಕ್ಕಳ ಕಸ್ಟಡಿ, ಆಸ್ತಿ, ಸಿವಿಲ್ ಕೇಸುಗಳಲ್ಲಿ ಎಷ್ಟೋ ಸಲ ಆ ಕುರ್ಚಿ ಖಾಲಿ ಇರುತ್ತದೆ. ದುಡ್ಡಿರುವ ಕಡೆಯವರು ಖಾಸಗಿ ರಿಪೋರ್ಟರನ್ನು ಕರೆತರುತ್ತಾರೆ. ದುಡ್ಡಿಲ್ಲದವರ ಮಾತು ಗಾಳಿಗೆ ಹೋಗುತ್ತದೆ. ಕ್ಲರ್ಕ್ ಬರೆಯುವ ಮಿನಿಟ್ ಆರ್ಡರಿನಲ್ಲಿ ಜಡ್ಜ್ ಏನು ಆದೇಶ ಕೊಟ್ಟರು ಅಂತ ಇರುತ್ತದೆಯೇ ಹೊರತು ಯಾರು ಏನು ಹೇಳಿದರು ಅಂತ ಇರುವುದಿಲ್ಲ. ಅಪೀಲಿಗೆ ಹೋದಾಗ ಮೇಲಿನ ಕೋರ್ಟು ಮೊದಲು ಕೇಳುವುದೇ ದಾಖಲೆ. ದಾಖಲೆ ಇಲ್ಲದಿದ್ದರೆ ಕೆಳಗಿನ ಜಡ್ಜ್ ಮಾಡಿದ್ದೇ ಸರಿ ಎಂದುಕೊಂಡು ಮುಂದೆ ಹೋಗುತ್ತದೆ.

ಇದಕ್ಕೆ ದಾರಿ ಇದೆ. 2018ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಜೇಮ್ಸನ್ ಮತ್ತು ಡೆಸ್ಟಾ ಕೇಸಿನಲ್ಲಿ ಕೊಟ್ಟ ತೀರ್ಪು ಆ ದಾರಿ ತೆರೆಯಿತು. ಜೇಮ್ಸನ್ ಒಬ್ಬ ಕೈದಿ. ಚಿಕಿತ್ಸೆಯಲ್ಲಿ ಲೋಪವಾಯಿತೆಂದು ಡೆಸ್ಟಾ ಎಂಬ ವೈದ್ಯರ ಮೇಲೆ ಕೇಸು ಹಾಕಿದ್ದರು. ಅವರಿಗೆ ಕೋರ್ಟ್ ಶುಲ್ಕದ ಮಾಫಿ ಸಿಕ್ಕಿತ್ತು. ಆದರೆ ಸ್ಯಾನ್ ಡಿಯೇಗೊ ಕೋರ್ಟು ಇಂಥ ಕೇಸಿಗೆ ರಿಪೋರ್ಟರ್ ಕೊಡುವುದನ್ನು ನಿಲ್ಲಿಸಿತ್ತು. ವಿಚಾರಣೆಯಲ್ಲಿ ಸೋತರು, ದಾಖಲೆ ಇಲ್ಲದ್ದರಿಂದ ಅಪೀಲಿನಲ್ಲೂ ಸೋತರು. ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಶುಲ್ಕ ಮಾಫಿ ಇರುವವರು ಕೇಳಿದರೆ ಅಪೀಲಿಗೆ ಆಗುವಂಥ ದಾಖಲೆ ಬರೆಯಲು ರಿಪೋರ್ಟರ್ ಕೊಡಲೇಬೇಕು ಎಂದಿತು. ಆ ‘ಕೇಳಿದರೆ’ ಅನ್ನುವಲ್ಲೇ ನಮ್ಮವರು ಎಡವುತ್ತಿರುವುದು.

ಹಂತ 1: ಶುಲ್ಕ ಮಾಫಿ ಪಡೆಯಿರಿ

ಫಾರಂ ಎಫ್‌ಡಬ್ಲ್ಯೂ-001. ಕ್ಯಾಲಿಫೋರ್ನಿಯಾ ಕೋರ್ಟುಗಳ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಮೆಡಿ-ಕ್ಯಾಲ್ ಅಥವಾ ಕ್ಯಾಲ್‌ಫ್ರೆಶ್ ಥರದ ಸರ್ಕಾರಿ ನೆರವು ಪಡೆಯುತ್ತಿದ್ದರೆ ಸಾಕು. ಆದಾಯ ಫಾರಂನಲ್ಲಿ ಕೊಟ್ಟ ಮಿತಿಗಿಂತ ಕಡಿಮೆ ಇದ್ದರೂ ಸಾಕು. ಎರಡೂ ಅಲ್ಲದಿದ್ದರೆ, ಈ ಶುಲ್ಕ ಕಟ್ಟಿದರೆ ಮನೆ ಖರ್ಚಿಗೆ ಉಳಿಯುವುದಿಲ್ಲ ಎಂದು ಲೆಕ್ಕ ಕೊಟ್ಟು ತೋರಿಸಬಹುದು. ಗಂಡನ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿ ಬಂದು, ಕೆಲಸ ಮಾಡುವ ಅನುಮತಿ ಇಲ್ಲದೆ, ಈಗ ಗಂಡನಿಂದ ಬೇರೆ ಇರುವ ಹೆಣ್ಣುಮಕ್ಕಳು ‘ನನ್ನ ಯಜಮಾನರ ಸಂಬಳ ಜಾಸ್ತಿ, ನನಗೆ ಸಿಗಲ್ಲ’ ಎಂದು ಸುಮ್ನೆ ಕೂರುತ್ತಾರೆ. ಹಾಗೆ ಕೂರಬೇಡಿ. ಬೇರೆ ಇದ್ದೀರಿ, ಕೈಗೆ ದುಡ್ಡು ಬರುತ್ತಿಲ್ಲ ಅಂದರೆ ಅದನ್ನೇ ಬರೆಯಿರಿ. ಫಾರಂನಲ್ಲಿ ವೀಸಾ ಯಾವುದೆಂದು ಕೇಳುವುದಿಲ್ಲ. ಅದು ಗೋಪ್ಯ ಕಾಗದ, ಕೇಸಿನ ಸಾರ್ವಜನಿಕ ಫೈಲಿಗೆ ಸೇರುವುದಿಲ್ಲ. ಆದರೆ ಸುಳ್ಳು ಬರೆದರೆ ಅಪರಾಧ ಎಂಬ ಒಕ್ಕಣೆಯ ಕೆಳಗೆ ಸಹಿ ಹಾಕುತ್ತೀರಿ, ಅದು ನೆನಪಿರಲಿ.

ಐದು ಕೋರ್ಟ್ ದಿನಗಳಲ್ಲಿ ತೀರ್ಮಾನ ಆಗಬೇಕು. ಆಗದಿದ್ದರೆ ಒಪ್ಪಿದ ಹಾಗೆಯೇ ಲೆಕ್ಕ. ಒಪ್ಪಿದರೆ ಎಫ್‌ಡಬ್ಲ್ಯೂ-003 ಎಂಬ ಆದೇಶ ಬರುತ್ತದೆ. ಅದರ ಎರಡು ನಕಲು ಮಾಡಿಟ್ಟುಕೊಳ್ಳಿ. ಮುಂದೆ ಪ್ರತಿ ಹೆಜ್ಜೆಯಲ್ಲೂ ಅದನ್ನೇ ಕೇಳುತ್ತಾರೆ.

ಈ ಫಾರಂ ತುಂಬಿಕೊಡುತ್ತೇವೆ ಎಂದು ದುಡ್ಡು ಕೇಳುವ ಆನ್‌ಲೈನ್ ಅಂಗಡಿಗಳು ಬೇಕಾದಷ್ಟಿವೆ. ಒಂದು ಡಾಲರೂ ಕೊಡಬೇಡಿ. ಪ್ರತಿ ಕೌಂಟಿ (ಇಲ್ಲಿನ ಜಿಲ್ಲೆ) ಕೋರ್ಟಿನಲ್ಲೂ ಸೆಲ್ಫ್-ಹೆಲ್ಪ್ ಸೆಂಟರ್ ಇದೆ, ಅದೇ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಾರೆ.

ಹಂತ 2: ರಿಪೋರ್ಟರ್ ಬೇಕೆಂದು ಬರೆದು ಕೇಳಿ

ಜನ ಕೆಡಿಸಿಕೊಳ್ಳುವುದು ಇಲ್ಲಿಯೇ. ಶುಲ್ಕ ಮಾಫಿ ಬಂತಲ್ಲ, ಇನ್ನು ರಿಪೋರ್ಟರ್ ತಾನಾಗಿ ಬರುತ್ತಾರೆ ಎಂದುಕೊಳ್ಳುತ್ತಾರೆ. ಬರುವುದಿಲ್ಲ. ಅದಕ್ಕೆ ಬೇರೆಯೇ ಫಾರಂ ಇದೆ: ಎಫ್‌ಡಬ್ಲ್ಯೂ-020. ಇದನ್ನು ಹಾಕದಿದ್ದರೆ ಜೇಮ್ಸನ್ ತೀರ್ಪು ಇದ್ದೂ ನಿಮ್ಮ ಪಾಲಿಗೆ ಇಲ್ಲದಂತೆ.

ಸಣ್ಣ ಫಾರಂ. ಕೇಸಿನ ಹೆಸರು, ನಂಬರು, ಹಿಯರಿಂಗ್ ದಿನ, ಹೊತ್ತು, ಡಿಪಾರ್ಟ್‌ಮೆಂಟ್. ಇಲ್ಲಿ ಡಿಪಾರ್ಟ್‌ಮೆಂಟ್ ಅಂದರೆ ಕಚೇರಿಯಲ್ಲ, ನಿಮ್ಮ ಕೇಸು ನಡೆಯುವ ಕೋರ್ಟ್ ಹಾಲಿನ ನಂಬರು. ಅದು ನೋಟಿಸಿನಲ್ಲಿ ಇರುತ್ತದೆ, ನೋಡಿಕೊಂಡೇ ಬರೆಯಿರಿ. ಶುಲ್ಕ ಮಾಫಿ ಆಗಲೇ ಇದೆಯೋ, ಇದರ ಜೊತೆಗೇ ಕೇಳುತ್ತಿದ್ದೀರೋ ಅನ್ನುವುದಕ್ಕೂ ಒಂದು ಚೌಕ ಇದೆ. ಅದನ್ನು ಖಾಲಿ ಬಿಡಬೇಡಿ.

ಹಿಯರಿಂಗಿಗೆ 10 ದಿನ ಮುಂಚೆ ಇದನ್ನು ಸಲ್ಲಿಸಬೇಕು. ಇವು ಕ್ಯಾಲೆಂಡರ್ ದಿನಗಳು, ಶನಿವಾರ ಭಾನುವಾರವೂ ಸೇರಿ. ಹಿಯರಿಂಗ್ 10 ದಿನಕ್ಕಿಂತ ಹತ್ತಿರದಲ್ಲಿ ನಿಗದಿಯಾದರೆ, ನಿಗದಿಯಾದ ದಿನವೇ ಹಾಕಿ. ನನ್ನನ್ನು ಕೇಳಿದರೆ 10 ದಿನದ ಲೆಕ್ಕವೇ ಬೇಡ. ಹಿಯರಿಂಗ್ ದಿನಾಂಕ ಕೈಗೆ ಸಿಕ್ಕ ದಿನವೇ ಹಾಕಿಬಿಡಿ. ತಡವಾಗಿ ಹಾಕಿದವರಿಗೆ ರಿಪೋರ್ಟರ್ ಸಿಗದಿದ್ದರೆ ಕೋರ್ಟಿಗೂ ಒಂದು ನೆಪ ಸಿಕ್ಕಂತಾಗುತ್ತದೆ.

ಇನ್ನೊಂದು ಎಡವಟ್ಟು: ಒಂದು ಸಲ ಹಾಕಿದರೆ ಇಡೀ ಕೇಸಿಗೆ ಸಾಕು ಎಂದುಕೊಳ್ಳುವುದು. ಹಿಯರಿಂಗ್ ಮುಂದಕ್ಕೆ ಹೋಯಿತಾ? ಹೊಸ ದಿನಾಂಕ ಬರೆದು ಮತ್ತೆ ಹಾಕಿ. ಬೇರೆ ಹಿಯರಿಂಗ್ ಬಂತಾ? ಮತ್ತೆ ಹಾಕಿ. ಕಸ್ಟಡಿ ಕೇಸುಗಳಲ್ಲಿ ದಿನಾಂಕ ಮುಂದೆ ಹೋಗುವುದು ಮಾಮೂಲು. ಎರಡನೇ ಸಲ ಹಾಕದೆ ಹೋದವರೇ ಜಾಸ್ತಿ ಕಳೆದುಕೊಂಡಿದ್ದಾರೆ, ಯಾಕೆಂದರೆ ನಿಜವಾದ ಸಾಕ್ಷ್ಯ ನಡೆಯುವುದು ಆ ಎರಡನೇ ದಿನ.

ಸಲ್ಲಿಸಿದ ಮೇಲೆ ಕೋರ್ಟಿನ ಮುದ್ರೆ ಬಿದ್ದ ಪ್ರತಿ ಇಟ್ಟುಕೊಳ್ಳಿ. ಆನ್‌ಲೈನಿನಲ್ಲಿ ಹಾಕಿದ್ದರೆ ‘ಸ್ವೀಕರಿಸಲಾಗಿದೆ’ ಎಂದು ಬರುವ ಇಮೇಲ್ ಪ್ರಿಂಟ್ ಮಾಡಿ. ‘ತಲುಪಿದೆ’ ಎಂದು ಬರುವ ಮೊದಲ ಇಮೇಲನ್ನು ನಂಬಬೇಡಿ. ತಲುಪಿದ್ದನ್ನು ಆಮೇಲೆ ತಿರಸ್ಕರಿಸುವುದೂ ಉಂಟು. ಹಿಯರಿಂಗಿಗೆ ಎರಡು ಮೂರು ದಿನ ಇರುವಾಗ ಕ್ಲರ್ಕಿಗೆ ಫೋನ್ ಮಾಡಿ, ಈ ಡಿಪಾರ್ಟ್‌ಮೆಂಟಿಗೆ ರಿಪೋರ್ಟರ್ ಹಾಕಿದ್ದೀರಾ ಅಂತ ಕೇಳಿ.

ಇಷ್ಟೆಲ್ಲ ಮಾಡಿಯೂ ಆ ದಿನ ಕುರ್ಚಿ ಖಾಲಿ ಇರಬಹುದು. ರಾಜ್ಯದಲ್ಲಿ ರಿಪೋರ್ಟರ್‌ಗಳ ಕೊರತೆ ಅಷ್ಟಿದೆ. ಅವರ ಬದಲು ಕೋರ್ಟು ಧ್ವನಿಮುದ್ರಣ ಮಾಡಿಕೊಳ್ಳಲು ಕಾನೂನು ಅವಕಾಶ ಕೊಡುವುದು ಸಣ್ಣ ಮೊತ್ತದ ಸಿವಿಲ್ ಕೇಸು, ಚಿಕ್ಕಪುಟ್ಟ ಅಪರಾಧಗಳಂಥ ಕೆಲವಕ್ಕೆ ಮಾತ್ರ. ಫ್ಯಾಮಿಲಿ ಕೇಸು ಆ ಪಟ್ಟಿಯಲ್ಲಿ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸ್ ಕೋರ್ಟು, ರಿಪೋರ್ಟರ್ ಸಿಗದಿದ್ದಾಗ ಕೆಲವು ಫ್ಯಾಮಿಲಿ ಮತ್ತು ಸಿವಿಲ್ ಕೇಸುಗಳಲ್ಲೂ ರೆಕಾರ್ಡ್ ಮಾಡಬಹುದೆಂದು ತಾನೇ ಆದೇಶ ಹೊರಡಿಸಿತು. ಅದೇ ಡಿಸೆಂಬರಿನಲ್ಲಿ ಫ್ಯಾಮಿಲಿ ವಯಲೆನ್ಸ್ ಅಪೆಲೇಟ್ ಪ್ರಾಜೆಕ್ಟ್ ಮತ್ತು ಬೇ ಏರಿಯಾ ಲೀಗಲ್ ಏಡ್ ಸಂಸ್ಥೆಗಳು ರಿಪೋರ್ಟರ್ ಸಿಗದಾಗ ಬಡವರ ಕೇಸುಗಳನ್ನು ರೆಕಾರ್ಡ್ ಮಾಡಬೇಕೆಂದು ನಾಲ್ಕು ಕೌಂಟಿ ಕೋರ್ಟುಗಳ ವಿರುದ್ಧ ರಾಜ್ಯದ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದವು. ನಮ್ಮ ಕನ್ನಡಿಗರು ತುಂಬಿರುವ ಸಾಂಟಾ ಕ್ಲಾರಾ ಅದರಲ್ಲಿ ಒಂದು.

ಹಾಗಾಗಿ ಕುರ್ಚಿ ಖಾಲಿ ಕಂಡರೆ ಬಾಯಿ ಮುಚ್ಚಿ ಕೂರಬೇಡಿ. ನಿಮ್ಮ ಕೇಸು ಕರೆದ ತಕ್ಷಣ, ಬೇರೆ ಏನೂ ಹೇಳುವ ಮೊದಲು, ಎದ್ದು ನಿಂತು ಹೇಳಿ: ನನಗೆ ಶುಲ್ಕ ಮಾಫಿ ಇದೆ, ಇಂಥ ದಿನ ಎಫ್‌ಡಬ್ಲ್ಯೂ-020 ಹಾಕಿದ್ದೇನೆ, ರಿಪೋರ್ಟರ್ ಬೇಕು. ಇಲ್ಲವೆಂದರೆ, ರಿಪೋರ್ಟರ್ ಸಿಗುವ ಇನ್ನೊಂದು ದಿನ ಕೊಡಿ ಎಂದು ಕೇಳಿ. ಅದೂ ಆಗದೆಂದರೆ, ನಾನು ಕೇಳಿದ್ದೆ, ಸಿಗಲಿಲ್ಲ ಎಂಬುದನ್ನು ಮಿನಿಟ್ ಆರ್ಡರಿನಲ್ಲಿ ಬರೆಸಿ ಎಂದು ಕೇಳಿ. ಆ ಒಂದು ಸಾಲು ಅಪೀಲಿನಲ್ಲಿ ನಿಮ್ಮ ಕೈ ಹಿಡಿಯಬಹುದು. ಗಂಡನ ಹಿಂಸೆಯಿಂದ ತಾತ್ಕಾಲಿಕ ರಕ್ಷಣಾ ಆದೇಶ ಪಡೆದವರು ದಿನ ಮುಂದೂಡಲು ಒಪ್ಪುವ ಮೊದಲು, ಆ ಆದೇಶ ಹೊಸ ದಿನಾಂಕದವರೆಗೂ ಇರುತ್ತದೆಯೇ ಎಂದು ಜಡ್ಜ್ ಬಾಯಿಂದಲೇ ಕೇಳಿಕೊಳ್ಳಿ.

ಫೋನಿನಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡೋಣ ಎಂದು ಸಲಹೆ ಕೊಡುವವರಿದ್ದಾರೆ. ಬೇಡ. ಜಡ್ಜ್ ಅನುಮತಿ ಇಲ್ಲದೆ ರೆಕಾರ್ಡ್ ಮಾಡುವುದು ನಿಯಮಬಾಹಿರ, ಶಿಕ್ಷೆಯೂ ಆಗಬಹುದು. ಮಾತನ್ನು ಅಕ್ಷರ ಮಾಡಿಕೊಡುವ ಆ್ಯಪ್‌ಗಳ ಕಾಗದವೂ ಅಪೀಲಿಗೆ ದಾಖಲೆಯಾಗುವುದಿಲ್ಲ.

ಹಂತ 3: ದಾಖಲಾಗುವ ಹಾಗೆ ಮಾತಾಡಿ

ತಲೆ ಆಡಿಸಿದರೆ ಬರಹಕ್ಕೆ ಬರುವುದಿಲ್ಲ, ಹೌದು ಇಲ್ಲ ಎಂದು ಬಾಯಿಬಿಟ್ಟು ಹೇಳಿ. ಎದುರಿನವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡಿ. ನಮ್ಮ ಹೆಸರುಗಳ ಸ್ಪೆಲಿಂಗನ್ನು ಅಕ್ಷರ ಅಕ್ಷರವಾಗಿ ಹೇಳಿ.

ಕನ್ನಡದಲ್ಲಿ ಮಾತಾಡುವವರು ಒಂದು ವಿಷಯ ಚೆನ್ನಾಗಿ ತಿಳಿದಿರಬೇಕು. ರಿಪೋರ್ಟರ್ ಬರೆದುಕೊಳ್ಳುವುದು ದುಭಾಷಿ ಹೇಳುವ ಇಂಗ್ಲಿಷನ್ನು ಮಾತ್ರ. ನಿಮ್ಮ ಕನ್ನಡ ಎಲ್ಲೂ ಉಳಿಯುವುದಿಲ್ಲ. ‘ಅವರು ಕೈ ಎತ್ತಿದರು’ ಅಂದಿರಿ ಎಂದಿಟ್ಟುಕೊಳ್ಳಿ. ಹೊಡೆಯಲು ಬಂದರು ಅಂತ ನಿಮ್ಮ ಅರ್ಥ. ದುಭಾಷಿ ಅದನ್ನು ಬರೀ ಕೈ ಮೇಲೆ ಮಾಡಿದರು ಎಂದು ಹೇಳಿದರೆ ದಾಖಲೆಯಲ್ಲಿ ಅಷ್ಟೇ ಉಳಿಯುತ್ತದೆ. ನಿಮಗೆ ಇಂಗ್ಲಿಷ್ ಅಲ್ಪಸ್ವಲ್ಪ ಬಂದರೆ ಕಿವಿಗೊಟ್ಟು ಕೇಳಿ. ತಪ್ಪಾಗಿದ್ದರೆ ಅಲ್ಲೇ, ಆಗಲೇ ಹೇಳಿ. ಮನೆಗೆ ಬಂದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ದುಭಾಷಿಯನ್ನೂ ಮೊದಲೇ ಕೇಳಬೇಕು, ಫಾರಂ ಐಎನ್‌ಟಿ-300. ಮನೆಯವರನ್ನೋ ಸ್ನೇಹಿತೆಯನ್ನೋ ದುಭಾಷಿ ಮಾಡಬೇಡಿ. ಅವರು ನಿಮ್ಮ ಮಾತಿಗೆ ತಮ್ಮ ಮಾತನ್ನೂ ಸೇರಿಸುತ್ತಾರೆ.

ಹಂತ 4: ರಿಪೋರ್ಟರ್ ಹೆಸರು, ಲೈಸೆನ್ಸ್ ನಂಬರು

ಹಿಯರಿಂಗ್ ಮುಗಿದ ಕೂಡಲೇ ಎರಡನ್ನೂ ಕೇಳಿ ಬರೆದುಕೊಳ್ಳಿ. ಕೋರ್ಟ್ ರಿಪೋರ್ಟರ್ಸ್ ಬೋರ್ಡಿನ ವೆಬ್‌ಸೈಟಿನಲ್ಲಿ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ನೋಡಬಹುದು. ನಿಮಿಷಕ್ಕೆ 200 ಪದಗಳ ವೇಗದಲ್ಲಿ ಶೇ 97.5 ನಿಖರವಾಗಿ ಬರೆದು ತೋರಿಸಿದರೇನೇ ಈ ಬೋರ್ಡು ಲೈಸೆನ್ಸ್ ಕೊಡುವುದು. ದೂರು ಇದ್ದರೂ ಅಲ್ಲಿಗೇ ಕೊಡಬೇಕು.

ಹಂತ 5: ಟ್ರಾನ್ಸ್‌ಕ್ರಿಪ್ಟಿನ ಖರ್ಚು

ಇನ್ನೊಂದು ಆಘಾತ ಕಾದಿರುವುದು ಇಲ್ಲಿ. ರಿಪೋರ್ಟರ್ ಪುಕ್ಕಟೆ ಬಂದರು ಎಂದರೆ ಟ್ರಾನ್ಸ್‌ಕ್ರಿಪ್ಟ್ ಕೂಡ ಪುಕ್ಕಟೆ ಎಂದಲ್ಲ. ರಿಪೋರ್ಟರ್ ಶೀಘ್ರಲಿಪಿಯಲ್ಲಿ ಬರೆದದ್ದನ್ನು ಓದುವಂಥ ಕಾಗದ ಮಾಡುವುದಕ್ಕೆ ಬೇರೆ ದರ, ಶುಲ್ಕ ಮಾಫಿ ಅದಕ್ಕೆ ಅನ್ವಯಿಸುವುದಿಲ್ಲ. ದರವನ್ನು ರಾಜ್ಯದ ಕಾನೂನೇ ನಿಗದಿ ಮಾಡಿದೆ. ಹಲವು ವರ್ಷ 100 ಪದಕ್ಕೆ 85 ಸೆಂಟ್ ಇತ್ತು. 2021ರ ಜನವರಿಯಿಂದ ಮೂಲ ಪ್ರತಿಗೆ 100 ಪದಕ್ಕೆ 1.13 ಡಾಲರ್, ಅದರ ಜೊತೆಗೇ ಕೊಂಡ ನಕಲಿಗೆ 20 ಸೆಂಟ್. 10,000 ಪದಗಳ ಹಿಯರಿಂಗಿಗೆ 113 ಡಾಲರ್ ಆಯಿತು. ಹಲವು ದಿನ ನಡೆದ ವಿಚಾರಣೆಯಾದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಬಿಲ್ ಬಂದಾಗ ಪದಗಳ ಲೆಕ್ಕ ಕೇಳುವುದಕ್ಕೆ ಸಂಕೋಚ ಬೇಡ.

ಎದುರು ಪಾರ್ಟಿ ಕೊಂಡ ಪ್ರತಿಯನ್ನು ಜೆರಾಕ್ಸ್ ಮಾಡಿಸಿಕೊಂಡರಾಯಿತು ಅನ್ನುವುದು ಒಳ್ಳೆಯ ಉಪಾಯ ಅಲ್ವಾ ಎಂದು ಕೇಳುತ್ತಾರೆ. ಅಲ್ಲ. ಕೊಂಡವರು ಇನ್ನೊಬ್ಬರಿಗೆ ಪ್ರತಿ ಕೊಡುವುದನ್ನು ಕಾನೂನು ತಡೆಯುತ್ತದೆ.

ಈ ಖರ್ಚಿಗೆ ನೆರವಾಗಲು ಟ್ರಾನ್ಸ್‌ಕ್ರಿಪ್ಟ್ ರೀಇಂಬರ್ಸ್‌ಮೆಂಟ್ ಫಂಡ್ ಇದೆ. ಅದು ಕೋರ್ಟ್ ರಿಪೋರ್ಟರ್ಸ್ ಬೋರ್ಡೇ ನಡೆಸುವ ನಿಧಿ, ದುಡ್ಡು ಬರುವುದು ರಿಪೋರ್ಟರ್‌ಗಳು ಕಟ್ಟುವ ಲೈಸೆನ್ಸ್ ಶುಲ್ಕದಿಂದ. ವಕೀಲರು ಪುಕ್ಕಟೆ ವಾದಿಸುತ್ತಿದ್ದರೆ ಒಂದು ಯೋಜನೆ, ವಕೀಲರೇ ಇಲ್ಲದೆ ತಾವೇ ವಾದಿಸುವವರಿಗೆ ಇನ್ನೊಂದು. ಸಿವಿಲ್ ಕೇಸು ಆಗಿರಬೇಕು, ಫ್ಯಾಮಿಲಿ ಕೇಸೂ ಅದರಲ್ಲಿ ಸೇರುತ್ತದೆ. ಅರ್ಜಿಯ ಜೊತೆ ಶುಲ್ಕ ಮಾಫಿಯ ಆದೇಶ, ರಿಪೋರ್ಟರ್ ಕೊಟ್ಟ ಬಿಲ್ ಅಥವಾ ಅಂದಾಜು ಇಡಿ. ಸಾಲ ಮಾಡಿ ದುಡ್ಡು ಕಟ್ಟಿ ಆಮೇಲೆ ಅರ್ಜಿ ಹಾಕಬೇಡಿ, ಮೊದಲು ಅರ್ಜಿ ಹಾಕಿ. ಒಂದು ಕೇಸಿಗೆ ಇಷ್ಟೇ ಎಂಬ ಮಿತಿ ಇದೆ. ನಿಧಿ ಬರಿದಾಗುವುದೂ ಇದೆ, 2017ರಲ್ಲಿ ದುಡ್ಡು ಸಾಲದೆ ನಿಂತೇ ಹೋಗಿತ್ತು. ಲೈಸೆನ್ಸ್ ಶುಲ್ಕವನ್ನಷ್ಟೇ ನಂಬಿದ ನಿಧಿಯ ಮೇಲೆ ಬಡವರ ಅಪೀಲಿನ ಹಕ್ಕು ನಿಂತಿರುವುದು ಸರಿಯಲ್ಲ. ಸರ್ಕಾರವೇ ತನ್ನ ಬೊಕ್ಕಸದಿಂದ ಇದನ್ನು ಕೊಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಂತ 6: ಏನೂ ಸಿಗದಿದ್ದರೆ

ಸೆಟಲ್ಡ್ ಸ್ಟೇಟ್‌ಮೆಂಟ್ ಎಂಬ ದಾರಿ ಉಳಿದಿದೆ. ಅಂದು ಯಾರು ಏನು ಹೇಳಿದರು ಎಂಬುದನ್ನು ನೀವೇ ಬರೆದು ಕೊಡುತ್ತೀರಿ, ಎದುರಿನವರು ತಿದ್ದುಪಡಿ ಹೇಳುತ್ತಾರೆ, ಅದೇ ಜಡ್ಜ್ ನೋಡಿ ಅಂತಿಮ ಮಾಡುತ್ತಾರೆ. ರಿಪೋರ್ಟರ್ ಇರದಿದ್ದರೆ, ಅಥವಾ ನಿಮಗೆ ಶುಲ್ಕ ಮಾಫಿ ಇದ್ದರೆ, ಇದಕ್ಕೆ ಬೇರೆ ಅನುಮತಿ ಬೇಡ. ಟ್ರಾನ್ಸ್‌ಕ್ರಿಪ್ಟಿಗೆ ಇದು ಸಮವಲ್ಲ, ಆದರೆ ಖಾಲಿ ಕೈಗಿಂತ ಎಷ್ಟೋ ವಾಸಿ. ಇದನ್ನು ಬರೆಯಬೇಕಾಗಿ ಬಂದೀತು ಎಂದುಕೊಂಡೇ ಪ್ರತಿ ಹಿಯರಿಂಗ್ ಮುಗಿದ ಸಂಜೆ ನೆನಪಿರುವುದನ್ನೆಲ್ಲ ಕನ್ನಡದಲ್ಲಾದರೂ ಬರೆದಿಡಿ: ಯಾವ ಪ್ರಶ್ನೆ, ಏನು ಉತ್ತರ, ಜಡ್ಜ್ ಏನಂದರು.

ಗಡುವುಗಳು ಬಿಗಿ. ತೀರ್ಪು ದಾಖಲಾದ ನೋಟಿಸನ್ನು ಕೊಟ್ಟ ಅಥವಾ ಅಂಚೆಯಲ್ಲಿ ಕಳಿಸಿದ ದಿನದಿಂದ ಸಾಮಾನ್ಯವಾಗಿ 60 ದಿನದೊಳಗೆ ಅಪೀಲು. ಅಪೀಲು ಹಾಕಿದ 10 ದಿನದೊಳಗೆ ಯಾವ ದಾಖಲೆ ಬೇಕೆಂದು ತಿಳಿಸುವ ಫಾರಂ ಎಪಿಪಿ-003. ಅದರಲ್ಲಿ ಸೆಟಲ್ಡ್ ಸ್ಟೇಟ್‌ಮೆಂಟ್ ಆರಿಸಿದರೆ, ಅಲ್ಲಿಂದ 30 ದಿನದೊಳಗೆ ಎಪಿಪಿ-014 ತುಂಬಿ ಕೊಡಬೇಕು. ಈ ಫಾರಂ ಒಬ್ಬರೇ ಕೂತು ತುಂಬುವಂಥದ್ದಲ್ಲ. ಸೆಲ್ಫ್-ಹೆಲ್ಪ್ ಸೆಂಟರಿಗೆ ಹೋಗಿ. ಮನೆಯಲ್ಲಿ ಹಿಂಸೆ ಅನುಭವಿಸಿದವರು, ನಮ್ಮ ಕಡೆಯ ಹೆಣ್ಣುಮಕ್ಕಳಿಗಾಗಿ ಬೇ ಏರಿಯಾದಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಮೈತ್ರಿ ಸಂಸ್ಥೆಗೆ ಫೋನ್ ಮಾಡಿ, ಅಪೀಲಿನ ಗಡುವು ಯಾವತ್ತು ಎಂಬುದನ್ನು ಮೊದಲ ಮಾತಿಗೇ ತಿಳಿಸಿ.