ಬಿಲ್ಲಿನ ಬೇಟೆಗೆ ಬ್ಲೈಂಡ್ ಕೊಳ್ಳುವ ಮುಂಚೆ

ಅಮೆರಿಕದಲ್ಲಿ ಲೈಸೆನ್ಸ್ ಮಾಡಿಸಿ ಜಿಂಕೆ ಬೇಟೆಗೆ ಹೊರಟಿರುವ ನಮ್ಮ ಗುಂಪಿನವರಿಗೆ ಈ ಮಾತು. ಬ್ಲೈಂಡ್ ಅಂದರೆ ಪ್ರಾಣಿಗೆ ಕಾಣದಂತೆ ಒಳಗೆ ಅಡಗಿ ಕೂರುವ ಸಣ್ಣ ಡೇರೆ. ಬಂದೂಕಿನವರಿಗೆ ಸಾಕಾಗುವ ಬ್ಲೈಂಡ್ ಬಿಲ್ಲಿನವರಿಗೆ ಸಾಲುವುದಿಲ್ಲ. ಬಿಲ್ಲು ಎಳೆದಾಗ ಮೊಣಕೈ ಹಿಂದಿನ ಗೋಡೆಗೆ ತಾಗುತ್ತದೆ, ಮೇಲಿನ ತುದಿ ಚಾವಣಿಗೆ. ನೀವು ಬಳಸುವ ಕುರ್ಚಿಯಲ್ಲೇ ಕೂತು, ಪೂರ್ತಿ ಎಳೆದು ನೋಡಿಯೇ ಕೊಳ್ಳಿ. ಬಾಣವಿಲ್ಲದೆ ಹೆದೆ ಮಾತ್ರ ಬಿಡಬೇಡಿ, ಬಿಲ್ಲು ಮುರಿಯಬಹುದು.

ಕಿಟಕಿ ಇನ್ನೂ ಮುಖ್ಯ. ಬಾಣ, ಗುರಿ ಹಿಡಿಯಲು ಬಿಲ್ಲಿಗೆ ಹಾಕಿರುವ ಸಣ್ಣ ಕಡ್ಡಿಯಾದ ಸೈಟ್ ಪಿನ್‌ಗಿಂತ ಕೆಲವು ಇಂಚು ಕೆಳಗಿರುತ್ತದೆ. ಪಿನ್‌ನಲ್ಲಿ ಜಿಂಕೆ ಚೆನ್ನಾಗಿ ಕಾಣುತ್ತಿದ್ದರೂ ಬಾಣ ಕಿಟಕಿಯ ಕೆಳಗಿನ ಅಂಚಿಗೆ ಬಡಿದು ದಾರಿ ತಪ್ಪಬಹುದು. ಗಾಯಗೊಂಡು ಓಡಿದ ಪ್ರಾಣಿ ಎಷ್ಟು ನರಳುತ್ತದೆ ಅಲ್ವಾ? ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಕಿಟಕಿಯ ಬಲೆಯ ಮೂಲಕವೇ ಹೊಡೆಯುವುದಾದರೆ ಬಾಣಕ್ಕೆ ಫಿಕ್ಸೆಡ್ ಬ್ಲೇಡ್ ಮೊನೆಯೇ (ಅಲಗು ಕದಲದಂತೆ ಕೂರಿಸಿದ್ದು) ಇರಲಿ. ತಾಗಿದಾಗ ಅಲಗು ಬಿಚ್ಚಿಕೊಳ್ಳುವ ಮೆಕ್ಯಾನಿಕಲ್ ಮೊನೆ ಬಲೆಗೆ ತಾಗಿದಾಗಲೇ ತೆರೆದುಕೊಳ್ಳಬಹುದು.

ಒಳಗೆ ಕಪ್ಪು ಬಟ್ಟೆ ತೊಡಿ, ಹಿಂದಿನ ಕಿಟಕಿ ಮುಚ್ಚಿಡಿ. ಇಲ್ಲದಿದ್ದರೆ ಹಿಂದಿನ ಬೆಳಕಿಗೆ ನಿಮ್ಮ ಆಕಾರ ಎದ್ದು ಕಾಣುತ್ತದೆ. ಸಾಧ್ಯವಾದರೆ ಒಂದೆರಡು ವಾರ ಮುಂಚೆಯೇ ನಿಲ್ಲಿಸಿ, ಅಲ್ಲಿಯದೇ ಕೊಂಬೆ, ಹುಲ್ಲು ಕಟ್ಟಿ. ಬಂದೂಕು ಬೇಟೆಯ ಸೀಸನ್ ನಡೆಯುತ್ತಿದ್ದರೆ, ಬ್ಲೈಂಡ್ ಹೊರಗೂ ಬೇರೆ ಬೇಟೆಗಾರರಿಗೆ ಕಿತ್ತಳೆ ಬಟ್ಟೆ ಕಾಣಬೇಕೆಂಬ ನಿಯಮ ಕೆಲವು ರಾಜ್ಯಗಳಲ್ಲಿದೆ. ನಿಮ್ಮ ರಾಜ್ಯದ್ದನ್ನು ಓದಿಕೊಂಡು ಹೊರಡಿ.