ಕುಡಿದವರು ಸ್ಟೇಜ್ ಹತ್ತಿದಾಗ: ಮೈಸೂರು–ಮಂಡ್ಯ ಕಡೆ ಲೈವ್ ಶೋ ಮಾಡುವ ಬ್ಯಾಂಡ್‌ಗಳಿಗೆ

ಪಬ್‌ನಲ್ಲಿ ಸ್ಟೇಜ್ ಹತ್ತಿರ ಬಂದು ಕೂಗಾಡುವವನು ಸಾಮಾನ್ಯವಾಗಿ ಒಬ್ಬನೇ ಬಂದಿರುವುದಿಲ್ಲ. ಐದಾರು ಜನ ಕೂತ ಟೇಬಲ್‌ನಿಂದ ಎದ್ದು ಬಂದಿರುತ್ತಾನೆ, ಆ ಟೇಬಲ್‌ನವರ ಕಣ್ಣೆಲ್ಲ ಅವನ ಮೇಲೇ ಇರುತ್ತದೆ. ಹಾಡುವವರು ಮೈಕಿನಲ್ಲಿ ಒಂದು ಕೊಂಕು ಮಾತಾಡಿ ಎಲ್ಲರನ್ನೂ ನಗಿಸಿಬಿಟ್ಟರೆ ಅವನಿಗೆ ವಾಪಸ್ ಹೋಗಿ ಕೂರುವುದಕ್ಕೆ ಮುಖವೇ ಉಳಿಯುವುದಿಲ್ಲ. ಅಲ್ಲಿಂದ ಮುಂದೆ ಅವನ ಜಗಳ ಹಾಡಿಗಲ್ಲ, ಮರ್ಯಾದೆಗೆ. ಅದಕ್ಕೇ ಇಲ್ಲಿ ಹೇಳುವುದೆಲ್ಲ ಒಂದೇ ಲೆಕ್ಕದ ಮೇಲಿದೆ: ಅವನ ಮಾನ ಉಳಿಸಿ, ಆಮೇಲೆ ಕೆಳಗಿಳಿಸಿ. ಹಾಡುವ ಹೆಣ್ಣುಮಗಳ ಮೈ ಮುಟ್ಟಿದವನಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅದನ್ನು ಬೇರೆಯಾಗಿಯೇ ಹೇಳಿದ್ದೇವೆ.

ಶೋ ಒಪ್ಪಿಕೊಳ್ಳುವಾಗ

ಫೋನಿನಲ್ಲಿ ಮಾತಾಡಿದ್ದನ್ನು ಅದೇ ದಿನ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ಮಾಲೀಕರಿಂದ "ಓಕೆ" ಹಾಕಿಸಿಕೊಳ್ಳಿ. ಶೋ ಎಷ್ಟು ಗಂಟೆಗೆ ಮುಗಿಯುತ್ತದೆ, ಗಲಾಟೆಯಾದರೆ ನಿಲ್ಲಿಸುವ ತೀರ್ಮಾನ ಯಾರದು, ಆ ದಿನ ಫ್ಲೋರ್‌ನಲ್ಲಿ ಇರುವ ಮ್ಯಾನೇಜರ್ ಯಾರು, ಬೌನ್ಸರ್ ಎಲ್ಲಿ ನಿಲ್ಲುತ್ತಾನೆ, ಇಷ್ಟೂ ಅದರಲ್ಲಿರಲಿ. ಬೌನ್ಸರ್ ಗೇಟಿನಲ್ಲಿ ಇದ್ದರೆ ನಿಮಗೆ ಇಲ್ಲದಂತೆಯೇ ಲೆಕ್ಕ. ಎರಡನೇ ಸೆಟ್ಟಿನಿಂದ (ಮೊದಲ ಬಿಡುವು ಮುಗಿದು ಶುರುವಾಗುವ ಹಾಡುಗಳ ಸರದಿ) ಒಬ್ಬ ಸ್ಟೇಜಿನ ಪಕ್ಕದಲ್ಲೇ ನಿಲ್ಲಬೇಕು, ಜನಕ್ಕೆ ಅಮಲೇರುವುದು ಆ ಹೊತ್ತಿಗೇ. ದುಡ್ಡು ಅರ್ಧ ಅಡ್ವಾನ್ಸ್, ಇನ್ನರ್ಧ ಕೊನೆಯ ಸೆಟ್ ಶುರುವಾಗುವ ಮೊದಲು. ಗಲಾಟೆಯಾದ ರಾತ್ರಿ ಶೋ ಮುಗಿದ ಮೇಲೆ ದುಡ್ಡು ಕೇಳಿದರೆ, ಒಡೆದ ಗ್ಲಾಸಿನ ಲೆಕ್ಕವೂ ನಿಮ್ಮ ತಲೆಗೇ ಬರುತ್ತದೆ.

ಸ್ಟೇಜ್ ಜೋಡಿಸುವಾಗ

ಮೊದಲ ಟೇಬಲ್ ಮತ್ತು ಸ್ಟೇಜಿನ ನಡುವೆ ಕನಿಷ್ಠ ಮೂರು ಅಡಿ ಜಾಗ ಬಿಡಿಸಿ. ಗಿರಾಕಿಗಳು ಕೂತ ಮೇಲೆ ಟೇಬಲ್ ಸರಿಸುವುದು ಆಗದ ಮಾತು, ಸೌಂಡ್ ಚೆಕ್ ಹೊತ್ತಿಗೇ ಮಾಡಿಸಿ. ನಮ್ಮಲ್ಲಿ ಹೆಚ್ಚಿನ ಕಡೆ ಸ್ಟೇಜ್ ಎಂದರೆ ಒಂದಡಿ ಎತ್ತರದ ಮರದ ಹಲಗೆ. ಅದನ್ನು ಯಾರು ಬೇಕಾದರೂ ಹತ್ತಬಹುದು. ಮಾನಿಟರ್ ಬಾಕ್ಸ್‌ಗಳನ್ನು, ಅಂದರೆ ಹಾಡುವವರಿಗೆ ತಮ್ಮ ದನಿ ಕೇಳಿಸುವ ಸ್ಪೀಕರ್‌ಗಳನ್ನು, ಮುಂದಿನ ಅಂಚಿಗೆ ಸಾಲಾಗಿಟ್ಟರೆ ಅವೇ ಬೇಲಿಯಾಗುತ್ತವೆ. ಹತ್ತಲು ಪಕ್ಕದಲ್ಲಿ ಒಂದೇ ದಾರಿ ಬಿಡಿ, ಬೌನ್ಸರ್ ಅಲ್ಲೇ ನಿಲ್ಲಲಿ.

ಮೈಕ್ ಸ್ಟ್ಯಾಂಡಿನ ಕಾಲು ಮಾನಿಟರ್‌ನ ಹಿಂದೆ ಬರಬೇಕು. ಮುಂದೆ ಕುಣಿಯುವವರ ಮೈ ತಾಗಿ ಸ್ಟ್ಯಾಂಡ್ ವಾಲಿದರೆ, ಮೈಕಿನ ಕಬ್ಬಿಣದ ಜಾಲರಿ ನೇರ ಹಾಡುವವರ ಮುಂದಿನ ಹಲ್ಲಿಗೇ ಬಡಿಯುತ್ತದೆ. ತುಟಿ ಒಡೆಯುವುದು, ಹಲ್ಲು ಚೂರಾಗುವುದು ಹೀಗೇ. ಜನ ತೀರಾ ಹತ್ತಿರ ಬಂದರೆ ಮೈಕನ್ನು ಸ್ಟ್ಯಾಂಡಿನಿಂದ ತೆಗೆದು ಕೈಯಲ್ಲಿ ಹಿಡಿದು, ಒಂದು ಹೆಜ್ಜೆ ಹಿಂದೆ ಸರಿದು ಹಾಡಿ.

ಕರೆಂಟಿನ ಎಕ್ಸ್‌ಟೆನ್ಶನ್ ಬೋರ್ಡ್ ನೆಲದ ಮೇಲೆ ಬೇಡ. ಡ್ರಮ್ಸ್ ಹಿಂದೆ, ನೆಲದಿಂದ ಒಂದಡಿ ಮೇಲೆ, ಕುರ್ಚಿಗೋ ಪೆಟ್ಟಿಗೆಗೋ ಕಟ್ಟಿ. ನಿಮಗೆ ಕೊಟ್ಟ ಲೈನಿಗೆ 30 ಮಿಲಿಆಂಪ್‌ನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯೇ ಕೇಳಿ, ಇದ್ದರೆ ಟೆಸ್ಟ್ ಬಟನ್ ಒತ್ತಿ ನೋಡಿ. ಬಿಯರ್ ಚೆಲ್ಲಿದ ರಾತ್ರಿ ಜೀವ ಉಳಿಸುವುದು ಅದೇ.

ಅತಿಥಿ ಮೈಕ್

ಎಲ್ಲ ಬ್ಯಾಂಡಿನಲ್ಲೂ ಇರಬೇಕಾದ, ಎಷ್ಟೋ ಜನ ಇಟ್ಟುಕೊಳ್ಳದ ವಸ್ತು ಇದು. ಅಗ್ಗದ ಒಂದು ವೈರ್ ಮೈಕ್, ಐದು ಮೀಟರ್ ಕೇಬಲ್. ಮಿಕ್ಸರ್‌ನಲ್ಲಿ ಅದಕ್ಕೆ ಬೇರೆ ಚಾನೆಲ್ ಕೊಟ್ಟು ಮ್ಯೂಟ್ ಮಾಡಿಯೇ ಇಡಿ. ಎಕೋ ಬೇಡ, ಮಾನಿಟರ್‌ಗೆ ಕಳಿಸುವುದೂ ಬೇಡ. ಮುಖ್ಯ ಗಾಯಕರ ಮೈಕಿಗಿಂತ ಆರು ಡೆಸಿಬಲ್ ಕಡಿಮೆ ಇರಲಿ. ಕಾರ್ಡ್‌ಲೆಸ್ ಮೈಕ್ ಮಾತ್ರ ಯಾವ ಕಾರಣಕ್ಕೂ ಹೊರಗಿನವರ ಕೈಗೆ ಕೊಡಬೇಡಿ, ಹಾಲ್‌ನ ಆ ತುದಿಗೆ ಹೋಗಿಬಿಟ್ಟರೆ ಹಿಂದೆ ಓಡಬೇಕಾಗುತ್ತದೆ.

"ನಾನೊಂದ್ ಸಾಂಗ್ ಆಡ್ಲೇಬೇಕು" ಎಂದು ಹಟ ಹಿಡಿದವನಿಗೆ ಬೇಡ ಎನ್ನಬೇಡಿ. "ಬನ್ನಿ ಅಣ್ಣ, ಒಂದ್ ಪಲ್ಲವಿ ಹಾಡಿ, ನಾವು ಹಿಂದೆ ನುಡಿಸ್ತೀವಿ" ಅಂತ ಅತಿಥಿ ಮೈಕ್ ಕೊಡಿ. ಪಲ್ಲವಿ ಮಾತ್ರ, ಚರಣ ಇಲ್ಲ. ಅವನ ಶ್ರುತಿಯನ್ನು ಕೀಬೋರ್ಡಿನವರು ಹಿಡಿದುಕೊಳ್ಳಲಿ, ಅವನು ನಿಮ್ಮ ಶ್ರುತಿಗೆ ಬರಲಿ ಎಂದು ಕಾಯಬೇಡಿ. ಪಲ್ಲವಿ ಎರಡನೇ ಸಲ ಮುಗಿಯುತ್ತಿದ್ದಂತೆ ಡ್ರಮ್ಸಿನವರು ಜೋರಾಗಿ ರೋಲ್ ಕೊಟ್ಟು ನಿಲ್ಲಿಸಬೇಕು, ನಿರೂಪಕರು "ಅಣ್ಣಂಗೆ ಜೋರಾಗಿ ಒಂದ್ ಚಪ್ಪಾಳೆ" ಅನ್ನಬೇಕು. ಚಪ್ಪಾಳೆ ಬಿದ್ದಾಗ ಮನುಷ್ಯ ಎರಡೂ ಕೈ ಎತ್ತುತ್ತಾನೆ. ಮೈಕ್ ವಾಪಸ್ ತೆಗೆದುಕೊಳ್ಳುವ ಕ್ಷಣ ಅದು.

ಕೇಳದೆಯೇ ನಿಮ್ಮ ಮೈಕ್ ಕಿತ್ತುಕೊಂಡರೆ, ಮೊದಲ ಕೆಲಸ ಸೌಂಡಿನವರದು: ಆ ಚಾನೆಲ್ ಮ್ಯೂಟ್. ಕುಡಿದವರು ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಹಾಗೆ ಮುಚ್ಚಿದಾಗ ಮೈಕ್ ಎದುರಿನ ಸದ್ದನ್ನಷ್ಟೇ ಅಲ್ಲ, ಎಲ್ಲ ಕಡೆಯ ಸದ್ದನ್ನೂ ಹೀರಿ ಮಾನಿಟರ್ ಜೊತೆ ಹೌಲಿಂಗ್ ಹಿಡಿಯುತ್ತದೆ. ಆ ಕೀರಲು ಸದ್ದಿಗೇ ಅರ್ಧ ಹಾಲ್ ಸಿಟ್ಟಿಗೇಳುತ್ತದೆ. ಶೂರ್ ಎಸ್‌ಎಂ58 ಮೈಕಿನ ಮಾಮೂಲಿ ಮಾದರಿಯಲ್ಲಿ ಸ್ವಿಚ್ಚೇ ಇರುವುದಿಲ್ಲ, ಅದಕ್ಕೆ ಮಿಕ್ಸರ್ ಹತ್ತಿರ ಸದಾ ಒಂದು ಕೈ ಇರಲೇಬೇಕು. ಮ್ಯೂಟ್ ಆದ ಮೇಲೆ ಎಳೆದಾಡಬೇಡಿ. ಭುಜದ ಮೇಲೆ ಕೈ ಹಾಕಿ, ಇನ್ನೊಂದು ಕೈಯಲ್ಲಿ ಅವನ ಮಣಿಕಟ್ಟನ್ನು ಕೆಳಗಿನಿಂದ ಹಿಡಿದು, ಜೊತೆಗೇ ನಾಲ್ಕು ಹೆಜ್ಜೆ ಕುಣಿಯುತ್ತಾ ಪಕ್ಕದ ದಾರಿಗೆ ಕರೆದೊಯ್ಯಿರಿ. ಆಕ್ಟೋಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ಮತ್ತು ಬೇಸ್ ಗಿಟಾರ್ ನಿಲ್ಲಬಾರದು. ವಾದ್ಯ ನಿಂತರೆ ಜನ ಎದ್ದು ನಿಂತು ನೋಡುತ್ತಾರೆ, ಆಗ ಅವನು ಇಳಿಯುವುದಿಲ್ಲ.

ಅವನ ಜೊತೆ ವಾದಕ್ಕಿಂತ ಅವನ ಟೇಬಲ್ ಕಡೆ ನೋಡುವುದು ಮೇಲು. ಅಲ್ಲಿ ಕಡಿಮೆ ಕುಡಿದವನು, ಬಿಲ್ ಕೊಡುವವನು, ಯಾರೋ ಒಬ್ಬ ಇದ್ದೇ ಇರುತ್ತಾನೆ. ಮೈಕ್ ಕೆಳಗಿಟ್ಟು, "ಸಾರ್, ಒಸಿ ಕರ್ಕೊಂಡ್ ಹೋಗಿ, ಅವರ ಹಾಡು ಆಮೇಲೆ ಹಾಡ್ತೀವಿ" ಎಂದು ಮೆಲ್ಲಗೆ ಅವರಿಗೆ ಹೇಳಿ. ಹಾಡುತ್ತೇವೆ ಎಂದ ಹಾಡನ್ನು ಖಂಡಿತ ಹಾಡಿ.

ಹಾಡಿನ ಸಾಲು, ಚೀಟಿ, ನೋಟು

ಹಾಲ್‌ನಲ್ಲಿ ಮಾತು ಜಾಸ್ತಿಯಾದಾಗ ವಾಲ್ಯೂಮ್ ಏರಿಸುವುದು ತಪ್ಪು. ಸದ್ದು ಹೆಚ್ಚಿದಷ್ಟೂ ಜನ ತಮಗೇ ಗೊತ್ತಿಲ್ಲದೆ ದನಿ ಏರಿಸುತ್ತಾರೆ. ಲೊಂಬಾರ್ಡ್ ಪರಿಣಾಮ ಎಂದೇ ಇದಕ್ಕೆ ಹೆಸರಿದೆ. ಇಳಿಸಿ. ಒಂದು ಗಿಟಾರ್, ಒಂದು ದನಿಯ ಮೆಲುವಾದ ಹಾಡು ಹಾಕಿ ನೋಡಿ, ಮುಂದಿನ ಮೂರು ಟೇಬಲ್ ಸುಮ್ಮನಾದರೆ ಉಳಿದವರೂ ತಗ್ಗುತ್ತಾರೆ. ಹಾಡು–ಹಾಡಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡುವು ಬೇಡ. ಕೂಗು ಹುಟ್ಟುವುದು ಆ ಖಾಲಿ ಜಾಗದಲ್ಲೇ.

"ಕನ್ನಡ ಹಾಡ್ರೀ" ಎಂಬ ಕೂಗು ಬರುವವರೆಗೆ ಕಾಯುವುದು ಬ್ಯಾಂಡಿನದೇ ತಪ್ಪು. ಮೈಸೂರಿನಲ್ಲೋ ಮಂಡ್ಯದಲ್ಲೋ ಕೂತು ಮೂರು ಹಿಂದಿ, ಎರಡು ಇಂಗ್ಲಿಷ್ ಹಾಡಿ ಆಮೇಲೆ ಕನ್ನಡಕ್ಕೆ ಬಂದರೆ ಆ ಸಿಟ್ಟು ನ್ಯಾಯವಾದದ್ದೇ. ಮೊದಲ ಹಾಡು ಕನ್ನಡ, ಮೊದಲ ಮೂರರಲ್ಲಿ ಎರಡು ಕನ್ನಡ ಇರಲಿ. ಕಾವೇರಿ ನೀರಿನ ಹೋರಾಟ ಬಿಸಿಯಾಗಿರುವ ದಿನಗಳಲ್ಲಿ ತಮಿಳು ಹಾಡು ಬೇಕೆಂದು ಬರೆದ ಚೀಟಿ ಬಂದರೆ ಸದ್ದಿಲ್ಲದೆ ಪಕ್ಕಕ್ಕಿಡಿ. ಕೊಟ್ಟವರ ಟೇಬಲ್ ಯಾವುದೆಂದು ಮೈಕಿನಲ್ಲಿ ಹೇಳಲೇಬೇಡಿ, ಅವರನ್ನು ಕಾಪಾಡುವುದೂ ನಿಮ್ಮ ಜವಾಬ್ದಾರಿ.

ಸ್ಟಾರ್‌ಗಳ ಅಭಿಮಾನಿಗಳ ನಡುವಿನ ಪೈಪೋಟಿಗೆ ಚೀಟಿಯೇ ಮದ್ದು. ಬಾಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ, ವೇಟರ್ ಕೈಲಿ ಚೀಟಿ ಬರಬೇಕು. ಬಂದ ಕ್ರಮದಲ್ಲೇ ಹಾಡಿ, ಒಬ್ಬನೇ ನಟನ ಎರಡು ಹಾಡು ಒಟ್ಟಿಗೆ ಬೇಡ, ನಟನ ಹೆಸರಿಗೆ ಜೈಕಾರ ಹಾಕಿಸುವುದು ಬೇಡವೇ ಬೇಡ. ಎರಡು ಟೇಬಲ್ ಪರಸ್ಪರ ಕೂಗಾಡಲು ಶುರು ಮಾಡಿದರೆ ಡಾ. ರಾಜ್‌ಕುಮಾರ್ ಅವರ ಒಂದು ಮೆಲೊಡಿ ಹಿಡಿಯಿರಿ. ಅಣ್ಣಾವ್ರ ಹಾಡಿಗೆ ಅಡ್ಡ ಮಾತಾಡುವ ಧೈರ್ಯ ಯಾವ ಟೇಬಲ್‌ಗೂ ಬರುವುದಿಲ್ಲ. ಮಂಡ್ಯದಲ್ಲಾದರೆ ಅಂಬರೀಶ್ ಅವರದೂ ಒಂದು ಹಾಡು ತಯಾರಿರಲಿ.

ನೋಟು ಹಿಡಿದು ಗಾಯಕಿಯ ಹತ್ತಿರ ಬರುವವರಿಗೆ ಸ್ಟೇಜಿನ ಅಂಚಿನಲ್ಲಿ ಒಂದು ತಟ್ಟೆ ಇಡಿ. "ಅಣ್ಣ, ತಟ್ಟೆಗೆ ಹಾಕಿ" ಎಂದು ಹೇಳುವುದು ನಿರೂಪಕರು, ಗಾಯಕಿಯಲ್ಲ. ಕೈಗೆ ಕೈ ಸೇರಿಸಿ ನೋಟು ತೆಗೆದುಕೊಂಡರೆ ಮುಂದಿನವನು ಕೈ ಬಿಡುವುದಿಲ್ಲ.

ಹತ್ತು ಗಂಟೆ

2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಸಭಾಂಗಣದಂಥ ಮುಚ್ಚಿದ ಜಾಗದ ಒಳಗಿನ ಬಳಕೆಗೆ ವಿನಾಯಿತಿ ಇದೆ. ಹಬ್ಬದಂಥ ಸಂದರ್ಭಗಳಲ್ಲಿ ಸರ್ಕಾರ 12ರವರೆಗೆ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ರೂಫ್‌ಟಾಪ್ ಮುಚ್ಚಿದ ಜಾಗವಲ್ಲ. "ಒನ್ಸ್ ಮೋರ್" ಗಲಾಟೆ ಏಳುವುದು ಸರಿಯಾಗಿ ಈ ಹೊತ್ತಿಗೆ. 9:40ಕ್ಕೇ "ಇನ್ನು ಮೂರೇ ಹಾಡು" ಎಂದು ಹೇಳಿ, ಅತಿ ಹೆಚ್ಚು ಚೀಟಿ ಬಂದ ಹಾಡನ್ನು ಕೊನೆಗಿಡಿ. ಅದು ಮುಗಿದ ಐದು ಸೆಕೆಂಡಿನೊಳಗೆ ಪಬ್‌ನವರ ಹಾಡು ಸಣ್ಣಗೆ ಶುರುವಾಗಬೇಕು. ಇನ್ನೂ ಕೇಳುವವರಿಗೆ: "ಅಣ್ಣ, ಹಾಡೋದು ನಮ್ ಕೈಲಿದೆ, ಟೈಮ್ ನಮ್ ಕೈಲಿಲ್ಲ."

ಬಿಯರ್ ಚೆಲ್ಲಿದರೆ

ಮೊದಲು ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಒರೆಸಿ. ಕೀಬೋರ್ಡನ್ನು ಬೋರಲು ಹಾಕಿ ದ್ರವ ಇಳಿಯಲು ಬಿಡಿ. ಅಲ್ಲೇ ಆನ್ ಮಾಡಿ "ನಡೆಯುತ್ತಾ" ಎಂದು ನೋಡುವುದರಿಂದಲೇ ಒಳಗಿನ ಸರ್ಕ್ಯೂಟ್ ಬೋರ್ಡ್ ಸುಡುವುದು. ಬಿಯರ್ ಒಣಗಿದರೂ ಅಂಟು ಉಳಿದು ಕೀಲಿಗಳು, ಮಿಕ್ಸರ್‌ನ ಫೇಡರ್‌ಗಳು (ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಹಿಡಿದುಕೊಳ್ಳುತ್ತವೆ. ರಿಪೇರಿಯವರ ಹತ್ತಿರ ಬಿಚ್ಚಿಸಿ ತೊಳೆಸಿದ ಮೇಲೆಯೇ ಕರೆಂಟ್ ಕೊಡಿ.

ಮೈ ಮುಟ್ಟಿದರೆ

ಇಲ್ಲಿ ಸಮಾಧಾನದ ಮಾತಿಲ್ಲ. ಗಾಯಕಿ ಎಡಗೈ ಮುಷ್ಟಿ ಮೇಲೆತ್ತಿದರೆ, ಯಾವ ಸಾಲಿನಲ್ಲಿದ್ದರೂ ಎಲ್ಲ ವಾದ್ಯ ತಟ್ಟನೆ ನಿಲ್ಲಬೇಕು, ಹಾಲ್‌ನ ಬಿಳಿ ಲೈಟ್ ಹಾಕಿಸಬೇಕು. ಇದನ್ನು ಸೌಂಡ್ ಚೆಕ್‌ನಲ್ಲಿ ಎರಡು ಸಲ ಅಭ್ಯಾಸ ಮಾಡಿ. ಹಾಡಿನ ಮಧ್ಯೆ ಬಂದ ಮೌನಕ್ಕೆ, ಬೆಳಕಿಗೆ ಇಡೀ ಹಾಲ್ ತಿರುಗಿ ನೋಡುತ್ತದೆ, ಅವನಿಗೆ ಅಡಗಲು ಕತ್ತಲಿರುವುದಿಲ್ಲ. ಬ್ಯಾಂಡಿನ ಇಬ್ಬರು ನಡುವೆ ಬಂದು ನಿಲ್ಲಿ, ಕೈ ಮಾತ್ರ ಎತ್ತಬೇಡಿ. ನೀವು ಹೊಡೆದರೆ ಕೇಸ್ ನಿಮ್ಮ ಮೇಲೂ ಬೀಳುತ್ತದೆ. ಅವನನ್ನು ಬೇರೆ ಟೇಬಲ್‌ಗೆ ಕೂರಿಸುವುದು ಸಾಲದು, ಗೇಟಿನ ಹೊರಗೆ ಹೋದ ಮೇಲೆಯೇ ಮುಂದಿನ ಹಾಡು, ಅದೂ ಗಾಯಕಿ ಒಪ್ಪಿದರೆ ಮಾತ್ರ.

ದೂರು ಕೊಡುವುದು ಅವರ ತೀರ್ಮಾನ, ಅವರ ಜೊತೆ ನಿಲ್ಲುವುದು ನಿಮ್ಮ ಕೆಲಸ. 112ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವ ಹಲ್ಲೆಗೆ ಭಾರತೀಯ ನ್ಯಾಯ ಸಂಹಿತೆಯ 74ನೇ ಕಲಂ ಅಡಿ ಒಂದರಿಂದ ಐದು ವರ್ಷದವರೆಗೆ ಜೈಲಿದೆ. ಹಿಂದೆ ಇದು ಐಪಿಸಿ 354 ಆಗಿತ್ತು. ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ನಡೆಯಿತು ಎಂದು ಬರೆದುಕೊಂಡು, ಆ ಹೊತ್ತಿನ ಸಿಸಿಟಿವಿ ತುಣುಕನ್ನು ಆ ರಾತ್ರಿಯೇ ತೆಗೆದಿಡಲು ಕೇಳಿ. ಕೆಲವು ದಿನ ಬಿಟ್ಟರೆ ಹೊಸ ರೆಕಾರ್ಡಿಂಗ್ ಹಳೆಯದರ ಮೇಲೆ ಕೂತುಬಿಡುತ್ತದೆ.

ಹೊರಗೆ ಹಾಕಿಸಿಕೊಂಡವನು ಪಾರ್ಕಿಂಗ್‌ನಲ್ಲಿ ಕಾಯುವುದುಂಟು. ಕೇಬಲ್ ಸುತ್ತುವುದು, ಸಾಮಾನು ಹೊರುವುದು, ಎಲ್ಲವೂ ಒಟ್ಟಿಗೆ ಆಗಲಿ, ಒಬ್ಬೊಬ್ಬರೇ ಗಾಡಿ ಹತ್ತಿರ ಹೋಗಬೇಡಿ. ಗಾಯಕಿ ಕೂತ ಕಾರು ಮೊದಲು ಹೊರಡಲಿ. ಇದಕ್ಕಾಗಿಯೇ ಸಂಜೆ ಬಂದಾಗ ಗಾಡಿಯನ್ನು ರಿವರ್ಸ್ ಹಾಕಿ, ಮೂತಿ ರಸ್ತೆ ಕಡೆಗಿರುವಂತೆ ನಿಲ್ಲಿಸಿಡಿ.