ಚೇಂಜ್‌ಲಾಗ್ ಬರೆಯುವುದು ಹೇಗೆ?

ಶಿರಸಿಯ ನಾಲ್ಕೈದು ಹುಡುಗರು ಸೇರಿ ಅಡಿಕೆ ಲೆಕ್ಕದ ಒಂದು ಓಪನ್ ಸೋರ್ಸ್ ತಂತ್ರಾಂಶ ಬರೆಯುತ್ತಿದ್ದಾರೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ಕೋಡ್ ಚೆನ್ನಾಗಿಯೇ ಬರೆಯುತ್ತಾರೆ. ಚೇಂಜ್‌ಲಾಗ್, ಅಂದರೆ ಪ್ರತಿ ಆವೃತ್ತಿಯಲ್ಲಿ ಏನು ಬದಲಾಯಿತು ಅಂತ ಬಳಸುವವರಿಗೆ ತಿಳಿಸುವ ಪಟ್ಟಿ, ಬರೆದಿಡುವಾಗ ಎಡವುತ್ತಾರೆ.

ಹೋದ ವರ್ಷ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರುವ ಹೊತ್ತಿಗೆ ತೂಕದ ಕಾಲಂ ಕಿಲೋದಿಂದ ಕ್ವಿಂಟಲ್‌ಗೆ ಬದಲಾಯಿತು. ಮಾರುಕಟ್ಟೆ ದರ ಕ್ವಿಂಟಲ್ ಲೆಕ್ಕದಲ್ಲೇ ಇರುವುದರಿಂದ ಬದಲಾವಣೆ ಸರಿಯೇ. ಆದರೆ ಜತೆಗಿದ್ದ ಟಿಪ್ಪಣಿ 'ಸಣ್ಣಪುಟ್ಟ ಸರಿಪಡಿಕೆ' ಅಂತ ಅಷ್ಟೇ. ಬೆಳೆಗಾರರೊಬ್ಬರು ಎಂದಿನಂತೆ 240 ಅಂತ ತುಂಬಿದರು. ಎರಡು ಕ್ವಿಂಟಲ್ ನಲವತ್ತು ಕಿಲೋ ಚಾಲಿ 240 ಕ್ವಿಂಟಲ್ ಆಗಿ ಕೂತಿತು. ತಪ್ಪು ಹುಡುಕಿ ತೆಗೆಯಲು ಎರಡು ದಿನ ಬೇಕಾಯಿತು.

ಹಂತ 1: ಪ್ರಾಜೆಕ್ಟ್‌ನ ಮೊದಲ ಫೋಲ್ಡರ್‌ನಲ್ಲೇ ಚೇಂಜ್‌ಲಾಗ್ ಫೈಲ್ ಇಡಿ. ಹೊಸದು ಮೇಲೆ, ಹಳೆಯದು ಕೆಳಗೆ.

ಹಂತ 2: ಎಲ್ಲಕ್ಕಿಂತ ಮೇಲೆ 'ಇನ್ನೂ ಬಿಡುಗಡೆಯಾಗದ್ದು' ಅಂತ ಒಂದು ಭಾಗ ಇರಲಿ. ಕೋಡ್ ಬದಲಿಸಿದ ಕಮಿಟ್‌ನಲ್ಲೇ (ಬದಲಾವಣೆಯನ್ನು ಟಿಪ್ಪಣಿ ಸಮೇತ ಉಳಿಸಿಡುವ ದಾಖಲೆ) ಇಲ್ಲೂ ಒಂದು ಸಾಲು ಸೇರಬೇಕು. ಬಿಡುಗಡೆಯ ಹಿಂದಿನ ರಾತ್ರಿ ನೆನಪಿಸಿಕೊಂಡು ಬರೆದರೆ ಅರ್ಧ ಬಿಟ್ಟುಹೋಗುತ್ತದೆ.

ಹಂತ 3: ಆ ಸಾಲು ಬರೆಯುವುದು. ಎಲ್ಲರೂ ಕೆಡಿಸುವುದು ಇಲ್ಲೇ.

ಸುಮ್ನೆ ಗಿಟ್ ಲಾಗ್, ಅಂದರೆ ಕಮಿಟ್‌ಗಳ ಪಟ್ಟಿ, ತಂದು ಅಂಟಿಸಬೇಡಿ. ಅದು ಅಂಗಡಿಯ ಕೀರ್ದಿ ಪುಸ್ತಕವನ್ನೇ ಗಿರಾಕಿಯ ಕೈಗೆ ಕೊಟ್ಟ ಹಾಗೆ. ಅವರಿಗೆ ಬೇಕಾದ್ದು ಅವರ ಲೆಕ್ಕ ಮಾತ್ರ ಅಲ್ವಾ?

'ತೂಕದ ಫಂಕ್ಷನ್ ರೀಫ್ಯಾಕ್ಟರ್ ಮಾಡಲಾಗಿದೆ' ಎಂದರೆ ಬಳಸುವವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: 'ಇನ್ನು ಮುಂದೆ ತೂಕವನ್ನು ಕ್ವಿಂಟಲ್‌ನಲ್ಲಿ ತುಂಬಬೇಕು. ಹಳೆಯ ಕಿಲೋ ಅಂಕಿಗಳನ್ನು 100ರಿಂದ ಭಾಗಿಸಿ. ಮೊದಲು ಹಳೆಯ ಫೈಲ್‌ನ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.' ಏನು ಬದಲಾಯಿತು, ಯಾರಿಗೆ ತಟ್ಟುತ್ತದೆ, ಅವರು ಏನು ಮಾಡಬೇಕು. ಮೂರೂ ಇದ್ದರೆ ಸಾಲು ಉದ್ದವಾದರೂ ಪರವಾಗಿಲ್ಲ. ಹೊರಗೆ ಕಾಣದ ಒಳಗಿನ ರಿಪೇರಿ ಇಲ್ಲಿ ಬೇಡ, ಅದು ಕಮಿಟ್ ಮೆಸೇಜ್‌ನಲ್ಲಿರಲಿ.

ಕಮಿಟ್‌ಗಳನ್ನು ಓದಿ ತಾವೇ ಚೇಂಜ್‌ಲಾಗ್ ತಯಾರಿಸುವ ಟೂಲ್‌ಗಳಿವೆ. ಕಮಿಟ್ ಮೆಸೇಜ್ 'ಫಿಕ್ಸ್', 'ಮತ್ತೆ ಫಿಕ್ಸ್' ಅಂತಿದ್ದರೆ ಅವು ಕೊಡುವುದೂ ಅದನ್ನೇ. ನಾನು ಬಳಸುವುದಿಲ್ಲ, ನೀವೂ ಬಳಸಬೇಡಿ.

ಹಂತ 4: ಸಾಲುಗಳನ್ನು ವಿಂಗಡಿಸಿ. 'ಕೀಪ್ ಎ ಚೇಂಜ್‌ಲಾಗ್' ಪದ್ಧತಿಯಲ್ಲಿ ಆರು ಗುಂಪುಗಳಿವೆ: ಸೇರಿಸಿದ್ದು, ಬದಲಾಗಿದ್ದು, ಮುಂದೆ ತೆಗೆಯಲಿರುವುದು, ತೆಗೆದದ್ದು, ಸರಿಪಡಿಸಿದ್ದು, ಭದ್ರತೆ. ಮೂರನೆಯದನ್ನು ಬಿಡಲೇಬೇಡಿ. ಒಂದು ಸೌಲಭ್ಯ ತೆಗೆಯುವ ಮುನ್ನ ಕನಿಷ್ಠ ಒಂದು ಆವೃತ್ತಿಯಲ್ಲಾದರೂ ಎಚ್ಚರಿಸಿ.

ಹಂತ 5: ಆವೃತ್ತಿ ಸಂಖ್ಯೆ. 1.4.2 ಎಂಬಲ್ಲಿ ತಪ್ಪು ತಿದ್ದಿದರೆ ಕೊನೆಯ ಅಂಕಿ ಏರಬೇಕು. ಹಳೆಯದು ಕೆಡದಂತೆ ಹೊಸದು ಸೇರಿಸಿದರೆ ನಡುವಿನದು ಏರಿ ಕೊನೆಯದು ಸೊನ್ನೆಯಾಗುತ್ತದೆ. ಹಳೆಯ ಬಳಕೆ ಮುರಿದರೆ ಮೊದಲನೆಯದೇ ಏರಬೇಕು. ಕ್ವಿಂಟಲ್ ಬದಲಾವಣೆ 2.0.0 ಆಗಬೇಕಿತ್ತು. 1.4.3 ಅಂತ ಹೊರಟಿತು, ಹಾಗಾಗಿ ಯಾರೂ ಹೆದರಲಿಲ್ಲ.

ದಿನಾಂಕ 2025-03-07 ಎಂಬಂತೆ, ವರ್ಷ ಮೊದಲು. 07-03 ಅಂದರೆ ನಮಗೆ ಮಾರ್ಚ್, ಅಮೆರಿಕದವರಿಗೆ ಜುಲೈ.

ಹಂತ 6: ಕೋಡ್‌ಗೆ ಆವೃತ್ತಿ ಸಂಖ್ಯೆಯ ಗುರುತು, ಅಂದರೆ ಟ್ಯಾಗ್, ಹಾಕಿ ಬಿಡುಗಡೆ ಮಾಡಿ. ಹಾಕಿದ ಟ್ಯಾಗ್ ಕದಲಿಸಬೇಡಿ, ತಪ್ಪಿದ್ದರೆ ಹೊಸ ಸಂಖ್ಯೆ ಕೊಡಿ. ಕೆಟ್ಟ ಆವೃತ್ತಿಯ ಸಾಲನ್ನು ಅಳಿಸದೆ 'ಹಿಂತೆಗೆದದ್ದು' ಅಂತ ಗುರುತು ಮಾಡಿ. ನಮ್ಮ ಫೈಲ್‌ನಲ್ಲಿ 1.4.3ರ ಮುಂದೆ ಈಗಲೂ ಹಾಗೇ ಇದೆ, ಕಾರಣದ ಸಮೇತ.